ಅಪ್‌ಡೇಟ್: ಕೊನೆಗೂ ಫ್ಲ್ಯಾಟ್ ಸಿಕ್ಕಿತು

ನಮ್ಮಂಥ ಸಲಿಂಗಿ ಜೋಡಿಯೊಂದು ನೆಮ್ಮದಿಯಾಗಿ ಬಾಳಬಹುದಾದ ಬಡಾವಣೆಯನ್ನು ಗುರುತಿಸಿ ಫ್ಲ್ಯಾಟ್ ಕೊಳ್ಳುವುದು ಹೇಗೆಂದು ಹಿಂದೆ ಇಲ್ಲಿ ಕೇಳಿದ್ದೆ. ಮೊನ್ನೆ ಕರಾರಿಗೆ ಸಹಿ ಹಾಕಿದೆವು.

ಸಲಿಂಗಿಗಳಿಗೆ ಬೆಂಬಲ ಸೂಚಿಸುವ ಕಾಮನಬಿಲ್ಲಿನ ಬಾವುಟಗಳನ್ನು ಎಣಿಸಿ ಎಂಬ ಸಲಹೆ ಕೈಕೊಟ್ಟಿತು. ಅವೆಲ್ಲ ಅಂಗಡಿಗಳ ಮೇಲಿದ್ದವು, ಮನೆಗಳ ಮೇಲಲ್ಲ. ಫಲ ಕೊಟ್ಟಿದ್ದು, ಸಂಜೆ ಕೈ ಹಿಡಿದು ಬೀದಿಯಲ್ಲಿ ನಡೆದು ನೋಡಿ ಎಂದವರ ಮಾತು. ಒಬ್ಬ ಅಜ್ಜಿ ಮಾತ್ರ ತಿರುಗಿ ನೋಡಿದರು, ಅದೂ ನಮ್ಮ ನಾಯಿಯನ್ನು! ಮಾಲೀಕರ ಸಂಘದ ಹಳೆಯ ನಡಾವಳಿಗಳನ್ನು ಓದಿದ್ದೂ ಒಳ್ಳೆಯದಾಯಿತು: ಮೊದಲು ಮೆಚ್ಚಿದ್ದ ಕಟ್ಟಡದ ಚಾವಣಿ ಸೋರುತ್ತಿತ್ತು, ದುರಸ್ತಿ ನಿಧಿ ಬರಿದಾಗಿತ್ತು.

ನಾನು ಊಹಿಸದಿದ್ದ ಸಂಗತಿಯೆಂದರೆ, ಕ್ರಯಪತ್ರದಲ್ಲಿ ಇಬ್ಬರ ಹೆಸರಿದ್ದರಷ್ಟೇ ಸಾಲದು. ಒಬ್ಬರು ತೀರಿಕೊಂಡರೆ ಅವರ ಪಾಲು ಸಂಗಾತಿಗೇ ಸೇರಬೇಕೆಂದು ಸ್ಪಷ್ಟವಾಗಿ ಬರೆಸದಿದ್ದರೆ ಅದು ರಕ್ತಸಂಬಂಧಿಗಳಿಗೆ ಹೋಗಬಹುದು ಎಂದರು ವಕೀಲರು. ಉಯಿಲನ್ನೂ ಬರೆಸುತ್ತಿದ್ದೇವೆ.