ಸಹಾಯ ಬೇಕು: ಸೊಂಟದ ಲಿಗಮೆಂಟ್ ಉಳುಕು, ಫಿಸಿಯೋಥೆರಪಿ ಮಾಡಿಸಿದವರು ಹೇಳಿ

ಎಲ್ಲರಿಗೂ ನಮಸ್ಕಾರ. ಅಕ್ಕಿ ಮೂಟೆ ಎತ್ತುವಾಗ ನಮ್ಮ ಯಜಮಾನರಿಗೆ ಸೊಂಟ ಹಿಡ್ಕೊಂಡಿದೆ. ಲಿಗಮೆಂಟ್ ಉಳುಕಂತೆ, ಡಿಸ್ಕ್ ತೊಂದರೆ ಇಲ್ವಂತೆ. ಕಾಲು ಜೋಮು ಹಿಡಿದ್ರೆ, ಮೂತ್ರ ಕಟ್ಟಿದ್ರೆ ತಕ್ಷಣ ಬನ್ನಿ ಅಂದಿದ್ದಾರೆ ಡಾಕ್ಟರು, ಸದ್ಯ ಅದೇನೂ ಇಲ್ಲ.

ಫಿಸಿಯೋಥೆರಪಿ ನಡೀತಿದೆ. ಅಂಗಾತ ಮಲಗಿ, ಮಂಡಿ ಮಡಚಿ ಸೊಂಟ ಎತ್ತೋ ವ್ಯಾಯಾಮ ಮಾಡಿದ್ಮೇಲೆ ಹಾಯಾಗಿರುತ್ತೆ. ಆದ್ರೆ ಬೆಳಿಗ್ಗೆ ಎದ್ದ ತಕ್ಷಣ ಬಗ್ಗೋಕಾಗಲ್ಲ, ಪ್ಯಾಂಟ್ ಹಾಕ್ಕೊಳ್ಳೋಕೂ ಗೋಡೆ ಹಿಡೀಬೇಕು.

ಅತ್ತೆ ಪೂರ್ತಿ ಮಲಗ್ಸು ಅಂತಾರೆ, ಫಿಸಿಯೋ ಮೇಡಂ ನಿಧಾನಕ್ಕೆ ಓಡಾಡ್ಲಿ ಅಂತಾರೆ. ನನಗೆ ಮೇಡಂ ಮಾತೇ ಸರಿ ಅನ್ಸುತ್ತೆ (ಅತ್ತೆ ಮುಂದೆ ಹೇಳೋ ಧೈರ್ಯ ಇಲ್ಲ ಅಷ್ಟೆ!).

ಇದೇ ಥರ ಆಗಿ ವಾಸಿಯಾದವರು ಸೊಂಟದ ಬೆಲ್ಟ್ ಯಾವಾಗ ಬಿಟ್ರಿ? ಬೈಕ್ ಓಡಿಸೋಕೆ ಎಷ್ಟು ದಿನ ಹಿಡೀತು? ಮೈಸೂರು ಕುವೆಂಪುನಗರದ ಕಡೆ ಮನೆಗೇ ಬರೋ ಫಿಸಿಯೋ ಗೊತ್ತಿದ್ರೂ ತಿಳಿಸಿ.