ಪದ ಬೇಕಿದೆ: ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಅಳತೆಯ ಫಲಕಕ್ಕೆ

ಚಿಕ್ಕಮಗಳೂರಿನಿಂದ:
ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಒಂದು ಫಲಕ ಮಾಡಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ 1958ರಿಂದ ನಡೆದಿರುವ ಅಳತೆಯೇ ವಿಷಯ. ಮೂರು ಪದಕ್ಕೆ ಕನ್ನಡ ಬೇಕು: ಕಾನ್ಸಂಟ್ರೇಶನ್, ಮಾನಿಟರಿಂಗ್, ಕೀಲಿಂಗ್ ಕರ್ವ್ (ಆ ಅಳತೆಗಳನ್ನು ತೋರಿಸುವ ನಕ್ಷೆಯ ಗೆರೆ). ಎಂಟನೇ ಕ್ಲಾಸಿನ ಮಕ್ಕಳಿಗೆ ಓದಿದ ಕೂಡಲೇ ತಿಳಿಯಬೇಕು.

ಅರಸೀಕೆರೆಯಿಂದ:
ಸಾಂದ್ರತೆ, ಮೇಲ್ವಿಚಾರಣೆ, ಕೀಲಿಂಗ್ ವಕ್ರರೇಖೆ. ಎಲ್ಲ ಇರುವ ಪದಗಳೇ. ಇದಕ್ಕೆ ಚರ್ಚೆ ಯಾಕೆ?

ಸಕಲೇಶಪುರದಿಂದ:
ಚರ್ಚೆ ಬೇಕು. ಮೇಲ್ವಿಚಾರಣೆ ಅಂದರೆ ಆಳುಗಳ ಹಿಂದೆ ನಿಂತು ಕೆಲಸ ಮಾಡಿಸುವುದು. ಗಾಳಿಗೆ ಅದು ಹೊಂದುವುದಿಲ್ಲ.

ಸಾಂದ್ರತೆ ಇನ್ನೂ ತೊಡಕು. ಡೆನ್ಸಿಟಿಗೂ ಅದನ್ನೇ ಬಳಸುತ್ತೇವೆ, ಅಲ್ವಾ? ಮುಳ್ಳಯ್ಯನಗಿರಿ ಹತ್ತಿದರೆ ಗಾಳಿ ತೆಳುವಾಗುತ್ತದೆ. ಒಂದು ಲೀಟರ್ ಗಾಳಿಯಲ್ಲಿ ಸಿಗುವ ಕಾರ್ಬನ್ ಡೈಆಕ್ಸೈಡ್ ಕೂಡ ಕಮ್ಮಿಯಾಗುತ್ತದೆ. ಆದರೆ ಹತ್ತು ಲಕ್ಷ ಅಣುಗಳಲ್ಲಿ ಅದರದು ಎಷ್ಟು ಅನ್ನುವುದು ಬೆಟ್ಟ ಹತ್ತಿದ ಮಾತ್ರಕ್ಕೆ ಬದಲಾಗುವುದಿಲ್ಲ. ಮೌನಾ ಲೋವಾದಲ್ಲಿ, ಸುಮಾರು 3,400 ಮೀಟರ್ ಎತ್ತರದಲ್ಲಿ, ಅಳೆಯುವುದು ಇದನ್ನೇ. ಅದೂ ತೇವ ತೆಗೆದ ಒಣಗಾಳಿಯಲ್ಲಿ. ಇಲ್ಲದಿದ್ದರೆ ನೀರಿನ ಆವಿ ಹೆಚ್ಚುಕಮ್ಮಿ ಆದಂತೆಲ್ಲ ಉತ್ತರವೂ ಬದಲಾದೀತು. ಹಾಗಾಗಿ ಸರಿಯಾದ ಪದ 'ಪಾಲು'. ಈ ಅಳತೆ ಶುರು ಮಾಡಿದ ವಿಜ್ಞಾನಿ ಚಾರ್ಲ್ಸ್ ಡೇವಿಡ್ ಕೀಲಿಂಗ್ ಅವರ ಯಂತ್ರ 1958ರ ಮಾರ್ಚಿನಲ್ಲಿ ತೋರಿಸಿದ್ದು ಹತ್ತು ಲಕ್ಷಕ್ಕೆ 313 ಪಾಲು. 2025ರ ಮೇ ತಿಂಗಳ ಸರಾಸರಿ 430 ದಾಟಿತು.

ಮಾನಿಟರಿಂಗ್‌ಗೆ 'ಲೆಕ್ಕ ಇಡುವುದು' ಅನ್ನಿ. ನಮ್ಮ ಕಡೆ ಕಾಫಿ ತೋಟಗಳಲ್ಲಿ ಮಳೆ ಲೆಕ್ಕ ಇಡುತ್ತಾರೆ. ಬೆಳಿಗ್ಗೆ ಎದ್ದು ಮಳೆಮಾಪಕದ ನೀರು ಅಳೆದು, ಇಂಚು, ಸೆಂಟು ಅಂತ ಪುಸ್ತಕಕ್ಕೆ ಬರೆಯುತ್ತಾರೆ. ಮಳೆ ಬರಲಿ ಬಿಡಲಿ, ಆ ದಿನದ ಸಾಲು ಖಾಲಿ ಬಿಡುವಂತಿಲ್ಲ. ಮೌನಾ ಲೋವಾದವರದೂ ಇದೇ ಹಠ. 1964ರಲ್ಲಿ ದುಡ್ಡು ಸಾಲದೆ ಅಳತೆ ಕೆಲ ಕಾಲ ನಿಂತಿತ್ತು. ಆ ಕಂಡಿ ಈಗಲೂ ದಾಖಲೆಯಲ್ಲಿದೆ. 2022ರ ನವೆಂಬರಿನಲ್ಲಿ ಬೆಟ್ಟ ಬೆಂಕಿ ಉಗುಳಿತು. ಲಾವಾ ರಸ್ತೆ ಮುಚ್ಚಿತು, ಕರೆಂಟೂ ಹೋಯಿತು. ಆಗ ಅದೇ ದ್ವೀಪದ ಮೌನಾ ಕೆಯಾ ಬೆಟ್ಟದಲ್ಲಿ ಅಳೆಯಲು ಶುರು ಮಾಡಿದರು. ಇದಕ್ಕೆಲ್ಲ ಬರೀ 'ಮಾಪನ' ಸಾಲದು. ಒಂದೇ ಸಲ ಅಳೆದು ಬಿಟ್ಟರೂ ಅದು ಮಾಪನವೇ.

ವಕ್ರರೇಖೆ ಬೇಡವೇ ಬೇಡ. ವಕ್ರ ಅಂದರೆ ಮಕ್ಕಳಿಗೆ ಸೊಟ್ಟ. ಆ ಗೆರೆ ಮೇ ತಿಂಗಳಲ್ಲಿ ತುದಿ ಮುಟ್ಟುತ್ತದೆ. ಭೂಮಿಯ ಉತ್ತರ ಭಾಗದ ಗಿಡಮರಗಳು ಬೇಸಿಗೆಯಲ್ಲಿ ಬೆಳೆಯುತ್ತಾ ಹೀರಿಕೊಂಡಂತೆ ಇಳಿಯುತ್ತದೆ. ಸೆಪ್ಟೆಂಬರ್ ಕಳೆದ ಮೇಲೆ ಮತ್ತೆ ಏರಿ, ಹಿಂದಿನ ವರ್ಷದ ತುದಿಯನ್ನೂ ದಾಟುತ್ತದೆ. 'ಕೀಲಿಂಗ್ ಏರುಗೆರೆ' ಚೆನ್ನಾಗಿದೆ.

ಹಾಸನದಿಂದ:
ಪಾಲು ಸರಿ, ಅಚ್ಚಗನ್ನಡ. ಲೆಕ್ಕ ನಮ್ಮದಲ್ಲ. ಸಂಸ್ಕೃತದ ಲೇಖ್ಯದಿಂದ ಬಂದದ್ದು. 'ಎಣಿಕೆ' ಇರುವಾಗ ಎರವಲು ಯಾಕೆ? ಕಾರ್ಬನ್ ಅಂತೂ ಒಪ್ಪಲಾರೆ. ನಮ್ಮದೇ ಆದ ಇಂಗಾಲ ಇದೆ. ಇಂಗ್ಲಿಷಿಗೆ ಇಷ್ಟು ಸುಲಭಕ್ಕೆ ಜಾಗ ಬಿಡಬಾರದು.

ಸಕಲೇಶಪುರದಿಂದ:
ಇಂಗಾಲ ಬಂದದ್ದು ಸಂಸ್ಕೃತದ ಅಂಗಾರದಿಂದ, ಪ್ರಾಕೃತದ ದಾರಿಯಲ್ಲಿ. ಲೆಕ್ಕವನ್ನು ಆಚೆ ಹಾಕಿ ಇಂಗಾಲವನ್ನು ಒಳಗೆ ಕರೆದುಕೊಳ್ಳುವುದು ಯಾವ ನ್ಯಾಯ? ಇನ್ನು ಎಣಿಕೆ ಎಣಿಸಿದರೆ ಮುಗಿಯಿತು. ಲೆಕ್ಕ ಇಡುತ್ತಾರೆ. 'ಎಣಿಕೆ ಇಡುತ್ತಾರೆ' ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ?

ಹಾಸನದಿಂದ:
ಕೇಳಿಲ್ಲ. ಬಳಸಿದರೆ ತಾನೇ ಬಳಕೆಗೆ ಬರುವುದು? ಬಂದದ್ದಕ್ಕೆಲ್ಲ ಹೂಂ ಅಂದು ಅಂದು, ವಿಜ್ಞಾನದ ಬರಹದಲ್ಲಿ ನಮ್ಮದು ಅಂತ ಉಳಿದಿರುವುದು ವಿಭಕ್ತಿ ಪ್ರತ್ಯಯ ಮಾತ್ರ. ನನಗೆ ಇದು ನೋವಿನ ವಿಷಯ.

ಅರಸೀಕೆರೆಯಿಂದ:
ಹಾಗಾದರೆ ಆಮ್ಲಜನಕವೂ ಬೇಡವೇ? ಪರೀಕ್ಷೆಯಲ್ಲಿ ಮಕ್ಕಳು ಏನು ಬರೆಯಬೇಕು? ಸುಮ್ನೆ ಅವರನ್ನು ಗೊಂದಲಕ್ಕೆ ತಳ್ಳಬೇಡಿ. ಪಠ್ಯದ ಪದ ಫಲಕದಲ್ಲಿ ಇರಲೇಬೇಕು.

ಚಿಕ್ಕಮಗಳೂರಿನಿಂದ:
ಎಲ್ಲರಿಗೂ ಧನ್ಯವಾದ. ಹೀಗೆ ಬರೆದಿದ್ದೇನೆ: 'ಕೀಲಿಂಗ್ ಏರುಗೆರೆ: ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಪಾಲು ಎಷ್ಟೆಂದು 1958ರಿಂದ ಇಟ್ಟ ಲೆಕ್ಕ.' ಸಾಂದ್ರತೆ, ಇಂಗಾಲ ಎರಡನ್ನೂ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕಿದ್ದೇನೆ.

ಇನ್ನೊಂದು ಪದ ಬಾಕಿ ಇದೆ. ಬಸ್ ಸ್ಟ್ಯಾಂಡಿನಲ್ಲಿ ಅಳೆದರೆ ಹೊಗೆಯ ಲೆಕ್ಕ ಬರುತ್ತದೆ. ರಾತ್ರಿ ತೋಟದೊಳಗೆ ಅಳೆದರೆ ಗಿಡಮಣ್ಣಿನ ಉಸಿರಿನ ಲೆಕ್ಕ. ಇವೆರಡೂ ಸೋಕದ, ಸಮುದ್ರದ ಮೇಲೆ ಹಾದು ಚೆನ್ನಾಗಿ ಬೆರೆತ ಗಾಳಿಗೆ ಬ್ಯಾಕ್‌ಗ್ರೌಂಡ್ ಅನ್ನುತ್ತಾರೆ. 'ಹಿನ್ನೆಲೆ ಗಾಳಿ' ನನಗೆ ಹಿಡಿಸಲಿಲ್ಲ. ರಾತ್ರಿ ಹತ್ತರೊಳಗೆ ಹೇಳಿದರೆ ಸೇರಿಸುತ್ತೇನೆ.