ಪದಚರ್ಚೆ: ಸೋಲಾರ್ ಟ್ಯಾಂಕಿಗೆ ಕಟ್ಟುವುದು ಉಪ್ಪೋ, ಸುಣ್ಣವೋ?

ಎಲ್ಲರಿಗೂ ನಮಸ್ಕಾರ.

ಸೋಲಾರ್ ವಾಟರ್ ಹೀಟರ್ ನೋಡಿಕೊಳ್ಳುವ ಬಗೆ ಹೇಗೆಂದು ನಮ್ಮ ಬೀದಿಯವರಿಗಾಗಿ ಒಂದು ಪುಟ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೀಟರ್ ಜತೆ ಬಂದ ಕೈಪಿಡಿಯಲ್ಲಿ "ಮಾಪಕ ರಚನೆಯನ್ನು ತಡೆಗಟ್ಟಿರಿ" ಎಂದಿದೆ. ನೀರು ಬಿಟ್ಟುಹೋಗುವ ಗಟ್ಟಿ ಪದರಕ್ಕೆ ಇಂಗ್ಲಿಷಿನಲ್ಲಿರುವ ಸ್ಕೇಲ್ ಎಂಬ ಪದ ಯಂತ್ರಾನುವಾದದ ಕೈಗೆ ಸಿಕ್ಕು ಅಳತೆಪಟ್ಟಿಯಾಗಿದೆ. ಅದು ಹಾಗಿರಲಿ, ನನಗೆ ಬೇಕಿರುವುದು ಜನರ ಬಾಯಲ್ಲಿರುವ ಮಾತು. ಬೋರ್‌ವೆಲ್ ನೀರು ಕಾದು ಕಾದು ಟ್ಯಾಂಕಿನ ಒಳಮೈಗೆ, ಗಾಜಿನ ಕೊಳವೆಯ ತಳಕ್ಕೆ, ಶವರಿನ ತೂತುಗಳಿಗೆ ಅಂಟುವ ಬೆಳ್ಳನೆಯ ಗಟ್ಟಿ ಪದರಕ್ಕೆ ನಿಮ್ಮ ಕಡೆ ಏನನ್ನುತ್ತಾರೆ?

ಬೆಂಗಳೂರಿನಲ್ಲಿ ಪ್ಲಂಬರ್‌ನಿಂದ ಹಿಡಿದು ಮನೆಯವರ ತನಕ "ಉಪ್ಪು ಕಟ್ಟಿದೆ" ಎನ್ನುವುದೇ ಹೆಚ್ಚು. ಇದು ಎಲ್ಲಿಂದ ಬಂತು ಎನ್ನುವುದು ಕಷ್ಟದ ಪ್ರಶ್ನೆಯಲ್ಲ. ಕಾವೇರಿ ನೀರು ಸಿಹಿನೀರು, ಬೋರಿನದು ಉಪ್ಪುನೀರು. ನಾಲಿಗೆಗೆ ಉಪ್ಪೆನಿಸಬೇಕೆಂದೇನಿಲ್ಲ, ಬೇಳೆ ಬೇಯದಿದ್ದರೆ, ಸೋಪು ನೊರೆ ಬಿಡದಿದ್ದರೆ ಸಾಕು, ಅದು ಉಪ್ಪುನೀರೇ. ಹಾಗಾಗಿ ಆ ನೀರು ಬಿಟ್ಟುಹೋದದ್ದೂ ಉಪ್ಪೇ ಆಯಿತು. ಬಯಲುಸೀಮೆಯ ಹಲವು ಕಡೆ ಇದೇ ನೀರಿಗೆ ಸವಳು ನೀರು ಎನ್ನುತ್ತಾರೆ. ಶಾಲೆಯ ಪುಸ್ತಕದಲ್ಲಿ ಗಡಸುನೀರು. ಕರಾವಳಿಯವರಿಗೆ ಮಾತ್ರ ಉಪ್ಪುನೀರೆಂದರೆ ಕಡಲಿನ, ಅಳಿವೆಯ ನೀರು, ಅಂದರೆ ನಿಜವಾಗಿಯೂ ಬಾಯಿಗಿಟ್ಟರೆ ಉಪ್ಪಾಗುವಂಥದ್ದು.

ಲವಣ ಎಂಬ ರಸಾಯನಶಾಸ್ತ್ರದ ಅರ್ಥದಲ್ಲಿ ಉಪ್ಪು ತಪ್ಪಲ್ಲ ಎಂದು ಯಾರಾದರೂ ಹೇಳಿಯೇ ಹೇಳುತ್ತೀರಿ. ಒಪ್ಪಿದೆ. ಆದರೆ ಮನೆಮಾತಿನಲ್ಲಿ ಉಪ್ಪೆಂದರೆ ನೀರಿಗೆ ಬಿದ್ದ ಕೂಡಲೇ ಕರಗುವುದು. ನನ್ನ ತಕರಾರು ಇರುವುದು ಇಲ್ಲೇ. ಪಕ್ಕದ ಮನೆಯವರು ತಿಂಗಳಿಗೊಮ್ಮೆ ಟ್ಯಾಂಕಿನ ಬಿಸಿನೀರನ್ನೆಲ್ಲ ಹೊರಗೆ ಬಿಟ್ಟು, "ಉಪ್ಪಲ್ವಾ, ಬಿಸೀಲಿ ಕರಗಿ ಹೋಗತ್ತೆ" ಎನ್ನುತ್ತಾರೆ. ತಳದಲ್ಲಿ ಸಡಿಲವಾಗಿ ಬಿದ್ದಿರುವ ಗಸಿ ಹೋದೀತು, ಗೋಡೆಗೆ ಅಂಟಿದ್ದು ಜಪ್ಪಯ್ಯ ಎಂದರೂ ಹೋಗದು. ಒಂದು ಲೀಟರ್ ನೀರಿನಲ್ಲಿ ಅಡುಗೆ ಉಪ್ಪು ಸುಮಾರು 350 ಗ್ರಾಂ ಕರಗುತ್ತದೆ. ಈ ಪದರ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಶುದ್ಧ ನೀರಿನಲ್ಲಿ ಲೀಟರಿಗೆ ಸುಮಾರು 15 ಮಿಲಿಗ್ರಾಂ ಕರಗಿದರೆ ದೊಡ್ಡದು. ಅದೂ ನೀರು ಬಿಸಿಯಾದಷ್ಟೂ ಕಡಿಮೆ. ನೀರಿನಲ್ಲಿ ಬೈಕಾರ್ಬೊನೇಟ್ ಆಗಿ ಕರಗಿದ್ದು, ಕಾದಾಗ ಇಂಗಾಲದ ಡೈ ಆಕ್ಸೈಡ್ ಬಿಟ್ಟುಕೊಟ್ಟು ಹೀಗೆ ಕಲ್ಲಾಗುತ್ತದೆ. ಅಂದರೆ ಬಿಸಿ ಇದನ್ನು ಕರಗಿಸುವುದಿಲ್ಲ, ಹುಟ್ಟಿಸುತ್ತದೆ.

ಹಾಗಾಗಿ ನನ್ನ ಒಲವು "ಸುಣ್ಣ ಕಟ್ಟಿದೆ" ಎನ್ನುವುದರ ಕಡೆಗೆ. ಇದೂ ನಾನು ಕಟ್ಟಿದ ಮಾತಲ್ಲ, ಅಲ್ಲಲ್ಲಿ ಕೇಳಿದ್ದೇ. ಎಲೆಅಡಿಕೆಯ ಸುಣ್ಣ ಹೈಡ್ರಾಕ್ಸೈಡ್, ಇದು ಕಾರ್ಬೊನೇಟ್, ಎರಡೂ ಬೇರೆಯಲ್ಲವೇ ಎಂಬ ಆಕ್ಷೇಪ ಬರಬಹುದು. ಆದರೆ ಗೋಡೆಗೆ ಬಳಿದ ಸುಣ್ಣ ಒಣಗುತ್ತ ಗಾಳಿಯಿಂದ ಇಂಗಾಲದ ಡೈ ಆಕ್ಸೈಡ್ ಹೀರಿ ಕಾರ್ಬೊನೇಟೇ ಆಗುತ್ತದೆ, ಸುಣ್ಣದಕಲ್ಲೂ ಅದೇ. ಹಳೆಯ ಮನೆಯ ಗೋಡೆ ಮುಟ್ಟಿದರೆ ಕೈಗೆ ಹತ್ತುವ ಬಿಳುಪೂ ಸೋಲಾರ್ ಟ್ಯಾಂಕಿನ ಬಿಳುಪೂ ಒಂದೇ ವಸ್ತು. ಒಂದು ಚಕ್ಕೆ ಕಿತ್ತು ಅದರ ಮೇಲೆ ನಿಂಬೆರಸ ಹಿಂಡಿ ನೋಡಿ, ಸಣ್ಣಗೆ ನೊರೆಯೇಳುತ್ತದೆ.

ಸುಣ್ಣ ಎಂದರೆ ಹುಳಿ ಹಾಕಬೇಕೆಂದು ಓದುವವರಿಗೆ ತಾನಾಗಿಯೇ ಹೊಳೆಯುತ್ತದೆ. ಉಪ್ಪು ಎಂದರೆ ನನ್ನ ಪುಟದಲ್ಲಿ "ಉಪ್ಪು ತೆಗೆಯಲು ನಿಂಬೆ ಉಪ್ಪು ಹಾಕಿ" ಎಂದು ಬರೆಯಬೇಕಾಗುತ್ತದೆ. ಸಿಟ್ರಿಕ್ ಆಮ್ಲಕ್ಕೆ ಅಂಗಡಿಯಲ್ಲಿ ಇರುವ ಹೆಸರು ಅದೇ ತಾನೆ! (ಕೆಲವರು ಬಚ್ಚಲು ತೊಳೆಯುವ ಆಸಿಡ್ಡನ್ನೇ ಸುರಿಸುತ್ತಾರೆ. ಅದು ಹೈಡ್ರೋಕ್ಲೋರಿಕ್ ಆಮ್ಲ, ಸುಣ್ಣದ ಜತೆ ಸ್ಟೀಲ್ ಟ್ಯಾಂಕನ್ನೂ ತಿನ್ನುತ್ತದೆ. ಇದನ್ನಂತೂ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಕುತ್ತೇನೆ.)

ಇನ್ನೊಂದು ತೊಡಕು ಕ್ರಿಯಾಪದದ್ದು. ಧೂಳು ಕೂರುತ್ತದೆ, ತುಕ್ಕು ಹಿಡಿಯುತ್ತದೆ, ಕೆನೆ ಕಟ್ಟುತ್ತದೆ, ಹಲ್ಲಿಗೆ ಪಾಚಿಯೂ ಕಟ್ಟುತ್ತದೆ. ಸುಣ್ಣಕ್ಕೆ ಕಟ್ಟು ಎಂಬುದೇ ಸರಿ, ಪದರದ ಮೇಲೆ ಪದರ ಬೆಳೆಯುವಂಥದ್ದಕ್ಕೆ ನಾವು ಅದನ್ನೇ ಬಳಸುತ್ತೇವೆ. ಆದರೆ "ಪೈಪು ಕಟ್ಟಿದೆ" ಎಂದರೆ, ಮೂಗು ಕಟ್ಟಿದೆ ಎಂಬಂತೆ, ದಾರಿ ಮುಚ್ಚಿದೆ ಎಂದರ್ಥ. "ಪೈಪಿಗೆ ಕಟ್ಟಿದೆ" ಎಂದರೆ ಇನ್ನೂ ನೀರು ಬರುತ್ತಿದೆ, ಪದರ ಕೂತಿದೆ ಅಷ್ಟೆ. ಒಂದು "ಇಗೆ" ಬಿಟ್ಟರೆ ರಿಪೇರಿಯೇ ಬೇರೆ. ಹೀಟರ್‌ನಲ್ಲಿ ಈ ವ್ಯತ್ಯಾಸ ಸಣ್ಣದಲ್ಲ: ಚಪ್ಪಟೆ ಫಲಕದ ಬಗೆಯಲ್ಲಿ ತಾಮ್ರದ ಸಣ್ಣ ಕೊಳವೆಗಳು ಪೂರ್ತಿ ಮುಚ್ಚಿಕೊಂಡು ಬಿಸಿನೀರಿನ ಓಟವೇ ನಿಲ್ಲಬಹುದು. ಗಾಜಿನ ಕೊಳವೆಯ ಬಗೆಯಲ್ಲಿ ಬಾಯಿ ಅಗಲವಾದ್ದರಿಂದ ಸುಣ್ಣ ಉದುರಿ ತಳದಲ್ಲಿ ಕೂರುತ್ತದೆ, ನೀರು ಓಡಾಡುತ್ತಲೇ ಇರುತ್ತದೆ, ಬಿಸಿ ಮಾತ್ರ ಕಡಿಮೆಯಾಗುತ್ತ ಬರುತ್ತದೆ. ಬೋರ್ ನೀರಿರುವ ಮನೆಗೆ ಗಾಜಿನದೇ ಹಾಕಿಸಿ ಎನ್ನುವುದು ಇದಕ್ಕೇ. ಅದನ್ನು ತೊಳೆಯುವುದಾದರೆ ಬೆಳಗಿನ ಜಾವವೇ ಸರಿ. ಬಿಸಿಲಿಗೆ ಕಾದ ಖಾಲಿ ಕೊಳವೆಗೆ ತಣ್ಣೀರು ಬಿಟ್ಟರೆ ಗಾಜು ಸೀಳುತ್ತದೆ.

ಕಿಟ್ಟ ಎಂಬ ಪದವನ್ನೂ ಯೋಚಿಸಿದೆ. ಕಬ್ಬಿಣದ ಕಿಟ್ಟ ಎಂಬ ಬಳಕೆ ಇದೆಯಲ್ಲ. ಆದರೆ ಅದು ಕಾಯಿಸಿದ ಲೋಹ ಬಿಡುವ ಕಸ, ನೀರು ಬಿಡುವುದಕ್ಕೆ ಅಷ್ಟಾಗಿ ಹೊಂದುವುದಿಲ್ಲ ಅನ್ನಿಸಿತು. ಹಕ್ಕಳೆ ಎಂಬುದು ಉದುರಿದ ಚೂರಿಗೆ ಒಪ್ಪುತ್ತದೆ, ಅಂಟಿಕೊಂಡಿರುವ ಪದರಕ್ಕಲ್ಲ.

ಈಗ ಕೇಳಬೇಕಾದದ್ದು ಎರಡು. ಸೋಲಾರ್ ಬರುವ ಮೊದಲು ಬಚ್ಚಲೊಲೆಯ ತಾಮ್ರದ ಹಂಡೆಯ ಒಳಗೂ ಈ ಪದರ ಕಟ್ಟುತ್ತಿತ್ತು, ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು. ಆಗ ಅದನ್ನು ಏನೆಂದು ಕರೆಯುತ್ತಿದ್ದರು, ನಿಮ್ಮ ಮನೆಯ ಹಿರಿಯರಿಗೆ ನೆನಪಿದೆಯೇ? ಕೋಲಾರ, ರಾಯಚೂರು, ವಿಜಯಪುರದ ಕಡೆಯವರು ದಯವಿಟ್ಟು ಕೇಳಿ ತಿಳಿಸಿ. ಎರಡನೆಯದು ಕುಂದಾಪುರ, ಉಡುಪಿಯವರಿಗೆ: ಬಾವಿಗೆ ಕಡಲ ನೀರು ನುಗ್ಗುವ ನಿಮ್ಮಲ್ಲಿ, "ಟ್ಯಾಂಕಿಗೆ ಉಪ್ಪು ಕಟ್ಟಿದೆ" ಎಂದರೆ ಯಾವುದೆಂದು ತಿಳಿಯುತ್ತೀರಿ?